ಪ್ರಾಜೆಕ್ಟ್‌ನೊಳಗೆ ಯಾವ ಕಡತ, ಹೊರಗೆ ಯಾವುದು?

ಕೆಲವು ವರ್ಷಗಳ ಹಿಂದೆ ಪರಿಚಿತರ ಸಣ್ಣ ಸಂಸ್ಥೆಯೊಂದರಲ್ಲಿ ಕಂಡ ಸಂಗತಿಯಿದು. ಗ್ರಾಹಕರೊಬ್ಬರ ಜಾಲತಾಣದ ರಸೀದಿ ಪುಟದಲ್ಲಿ ತೆರಿಗೆಯ ದರವನ್ನು ಬದಲಿಸಬೇಕಿತ್ತು. ಒಂದು ಅಂಕಿ ತಿದ್ದುವ ಕೆಲಸ. ಜಾಲತಾಣ ಸರ್ವರ್‌ನಲ್ಲಿ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿತ್ತು. ಆದರೆ ಅದರ ಸೋರ್ಸ್ ಕೋಡ್ ತೆರೆದು ನೋಡಿದಾಗ ಸಿಕ್ಕಿದ್ದು ಅರೆಬರೆ. ಪ್ರಾಜೆಕ್ಟ್‌ನ ಪಟ್ಟಿಯಲ್ಲಿ ಹೆಸರಿದ್ದ ಏಳು ಕಡತಗಳು ಫೋಲ್ಡರ್‌ನಲ್ಲಿ ಇರಲೇ ಇಲ್ಲ. ಅವುಗಳ ವಿಳಾಸ ಕೆಲಸ ಬಿಟ್ಟು ಹೋಗಿದ್ದ ಪ್ರೋಗ್ರಾಮರ್‌ನ ಗಣಕದ 'ಡಿ' ಡ್ರೈವ್‌ನತ್ತ ಬೊಟ್ಟು ಮಾಡುತ್ತಿತ್ತು. ಆ ಗಣಕವನ್ನು ಫಾರ್ಮ್ಯಾಟ್ ಮಾಡಿ ಲೆಕ್ಕಪತ್ರ ವಿಭಾಗಕ್ಕೆ ಕೊಟ್ಟು ಆರು ತಿಂಗಳಾಗಿತ್ತು. ಒಂದು ಅಂಕಿಗಾಗಿ ಇಡೀ ಪುಟವನ್ನೂ ಅದರ ಹಿಂದಿನ ಲೆಕ್ಕಾಚಾರವನ್ನೂ ಹೊಸದಾಗಿ ಬರೆಯಬೇಕಾಯಿತು.

ಬಿಟ್ಟು ಹೋದ ಪ್ರೋಗ್ರಾಮರ್ ದಡ್ಡನೇನಲ್ಲ. ಅವನು ಬರೆದ ಸಂಕೇತ ಅಚ್ಚುಕಟ್ಟಾಗಿಯೇ ಇತ್ತು. ಕಡತಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅವನು ಕೇಳಿಕೊಂಡಿರಲಿಲ್ಲ. ವಿಷುಯಲ್ ಸ್ಟುಡಿಯೊ, ಎಕ್ಲಿಪ್ಸ್, ನೆಟ್‌ಬೀನ್ಸ್‌ಗಳಂತಹ ತಂತ್ರಾಂಶ ಅಭಿವೃದ್ಧಿ ಪರಿಸರಗಳು (ಇವುಗಳನ್ನು ವೃತ್ತಿಯಲ್ಲಿರುವವರು ಐಡಿಇ ಎನ್ನುತ್ತಾರೆ) 'ಹೊಸ ಪ್ರಾಜೆಕ್ಟ್' ಎಂಬ ಗುಂಡಿ ಒತ್ತಿದೊಡನೆ ಒಂದಿಷ್ಟು ಫೋಲ್ಡರ್‌ಗಳನ್ನು ತಾವಾಗಿಯೇ ಸೃಷ್ಟಿಸಿಕೊಡುತ್ತವೆ. ಹೀಗಾಗಿ ಆ ಏರ್ಪಾಡು ಏಕೆ ಹಾಗಿದೆ ಎಂದು ಯೋಚಿಸುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ.

ವೆಬ್ ಅಪ್ಲಿಕೇಶನ್ ಇತರ ತಂತ್ರಾಂಶಗಳಿಗಿಂತ ಭಿನ್ನವಾಗುವುದು ಇಲ್ಲಿಯೇ. ಅದರ ಕಡತಗಳಿಗೆ ಮೂರು ಬಗೆಯ ಹಣೆಬರಹವಿದೆ. ಚಿತ್ರಗಳು, ಸ್ಟೈಲ್‌ಶೀಟ್‌ಗಳು, ಜಾವಾಸ್ಕ್ರಿಪ್ಟ್ ಮೊದಲಾದವು ಓದುಗನ ಬ್ರೌಸರ್‌ವರೆಗೂ ಹೋಗುತ್ತವೆ. ಕಂಪೈಲ್ ಆದ ಸಂಕೇತ, ಡೇಟಾಬೇಸ್‌ನ ಗುಪ್ತಪದ ಇರುವ ಸಂರಚನಾ ಕಡತ ಮುಂತಾದವು ಸರ್ವರ್‌ವರೆಗೆ ಹೋಗಬೇಕು, ಅಲ್ಲಿಂದಾಚೆಗೆ ಹೋಗಕೂಡದು. ಪರೀಕ್ಷಾ ಸಂಕೇತ, ವಿನ್ಯಾಸದ ಟಿಪ್ಪಣಿ, ಪ್ರೋಗ್ರಾಮರ್‌ನ ಸ್ವಂತ ಆಯ್ಕೆಗಳು ಅಭಿವೃದ್ಧಿಯ ಗಣಕವನ್ನು ಬಿಟ್ಟು ಕದಲಬಾರದು. ಯಾವ ಕಡತ ಯಾವ ಗುಂಪಿನದು ಎಂಬುದನ್ನು ಅದು ಇರುವ ಜಾಗವೇ ಹೇಳುವಂತಿರಬೇಕು. ಪ್ರಾಜೆಕ್ಟ್ ಜೋಡಣೆ ಎಂಬ ವಿಷಯದ ತಿರುಳು ಇಷ್ಟೇ. ಉಳಿದದ್ದೆಲ್ಲ ಈ ಪ್ರಶ್ನೆಗೆ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಕಾಲದಲ್ಲಿ ಕೊಟ್ಟ ಉತ್ತರಗಳು.

ಜಾವಾ ಕೊಟ್ಟ ಉತ್ತರ

ಮೊದಲ ಸ್ಪಷ್ಟ ಉತ್ತರಗಳಲ್ಲೊಂದು ಜಾವಾ ಲೋಕದಿಂದ ಬಂತು. ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಹೊರತಂದ ಸರ್ವ್‌ಲೆಟ್ ನಿಯಮಾವಳಿಯ 2.2ನೇ ಆವೃತ್ತಿ 'ವೆಬ್ ಅಪ್ಲಿಕೇಶನ್' ಎಂಬ ಮಾತಿಗೆ ನಿಖರವಾದ ರೂಪ ಕೊಟ್ಟಿತು. ಒಂದು ಮೂಲ ಫೋಲ್ಡರ್, ಅದರೊಳಗೆ 'ವೆಬ್-ಇನ್ಫ್' ಎಂಬ ವಿಶೇಷ ಫೋಲ್ಡರ್. ವೆಬ್-ಇನ್ಫ್‌ನೊಳಗೆ 'ಕ್ಲಾಸಸ್', 'ಲಿಬ್' ಎಂಬ ಎರಡು ಉಪಫೋಲ್ಡರ್‌ಗಳು ಹಾಗೂ ವೆಬ್ ಡಾಟ್ ಎಕ್ಸ್ಎಂಎಲ್ ಎಂಬ ವಿವರಣಾ ಕಡತ. ವೆಬ್-ಇನ್ಫ್‌ನ ಹೊರಗಿರುವುದನ್ನು ಬ್ರೌಸರ್ ಕೇಳಿದರೆ ಕೊಡಬಹುದು, ಒಳಗಿರುವುದನ್ನು ಸರ್ವರ್ ನೇರವಾಗಿ ಕೊಡಕೂಡದು ಎಂಬುದು ನಿಯಮ. ಇಡೀ ಫೋಲ್ಡರ್ ಅನ್ನು ಜಿಪ್ ಮಾದರಿಯಲ್ಲಿ ಒತ್ತಿ 'ವಾರ್' ಎಂಬ ಒಂದೇ ಕಡತವಾಗಿಸಿ ಟಾಮ್‌ಕ್ಯಾಟ್‌ನಂತಹ ಯಾವ ಸರ್ವರ್‌ಗಾದರೂ ಕೊಡಬಹುದಿತ್ತು. ಎರಡನೆಯ ಗುಂಪಿನ ಕಡತಗಳಿಗೆ ಬೀಗ ಹಾಕಿದ ಕೋಣೆ ಸಿಕ್ಕಿದ್ದು ಹೀಗೆ.

ಆದರೆ ಈ ನಿಯಮ ಹೇಳಿದ್ದು ಸಿದ್ಧವಾದ ಸರಕಿನ ಆಕಾರವನ್ನು ಮಾತ್ರ. ಪ್ರೋಗ್ರಾಮರ್‌ನ ಗಣಕದಲ್ಲಿ ಸೋರ್ಸ್ ಕೋಡ್ ಹೇಗಿರಬೇಕೆಂದು ಅದು ಹೇಳಲಿಲ್ಲ. ಪರಿಣಾಮವಾಗಿ ಪ್ರತಿ ಐಡಿಇ ತನ್ನದೇ ದಾರಿ ಹಿಡಿಯಿತು. ಎಕ್ಲಿಪ್ಸ್‌ನ ವೆಬ್ ಟೂಲ್ಸ್ 'ವೆಬ್‌ಕಂಟೆಂಟ್' ಎಂಬ ಫೋಲ್ಡರ್ ಬಳಸಿದರೆ ನೆಟ್‌ಬೀನ್ಸ್ ಅದನ್ನು 'ವೆಬ್' ಎಂದಷ್ಟೇ ಕರೆಯಿತು. ಒಂದರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಅನ್ನು ಇನ್ನೊಂದಕ್ಕೆ ಒಯ್ಯುವುದು ಮನೆ ಬದಲಾಯಿಸಿದಷ್ಟೇ ತ್ರಾಸದ ಕೆಲಸವಾಗಿತ್ತು.

ಎಕ್ಲಿಪ್ಸ್ ಬಳಸುವವರು 'ವರ್ಕ್‌ಸ್ಪೇಸ್' ಮತ್ತು 'ಪ್ರಾಜೆಕ್ಟ್' ಎಂಬ ಎರಡರ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ವರ್ಕ್‌ಸ್ಪೇಸ್ ಎಂಬುದು ಪ್ರೋಗ್ರಾಮರ್‌ನ ಸ್ವಂತ ಮೇಜು. ಅವನ ಆಯ್ಕೆಗಳು 'ಮೆಟಾಡೇಟಾ' ಎಂಬ ಫೋಲ್ಡರ್‌ನಲ್ಲಿ ಅಲ್ಲಿರುತ್ತವೆ. ಪ್ರಾಜೆಕ್ಟ್ ಇಡೀ ತಂಡದ ಸ್ವತ್ತು. ಪ್ರಾಜೆಕ್ಟ್ ಅನ್ನು ಪಟ್ಟಿಯಿಂದ ತೆಗೆದುಹಾಕುವಾಗ 'ಡಿಸ್ಕ್‌ನಲ್ಲಿರುವ ಕಡತಗಳನ್ನೂ ಅಳಿಸಬೇಕೆ?' ಎಂದು ಎಕ್ಲಿಪ್ಸ್ ಕೇಳುತ್ತದೆ. ಮೇಜು ಖಾಲಿ ಮಾಡುವ ಆತುರದಲ್ಲಿ ಅಲ್ಲಿ ಗುರುತು ಹಾಕಿ ವಾರದ ಕೆಲಸ ಕಳೆದುಕೊಂಡವರು ಬೇಕಾದಷ್ಟು ಮಂದಿ ಸಿಗುತ್ತಾರೆ.

ಪಟ್ಟಿಯೋ, ಫೋಲ್ಡರೋ?

ಈ ವಿಷಯ ಕೇವಲ ತಾಂತ್ರಿಕ ಶಿಸ್ತಿನದಲ್ಲ, ದೊಡ್ಡ ಕಂಪೆನಿಯೊಂದು ತನ್ನ ನಿರ್ಧಾರವನ್ನು ಪರಿಷ್ಕರಿಸಬೇಕಾಗಿ ಬಂದಷ್ಟು ಗಂಭೀರವಾದದ್ದು ಎಂಬುದಕ್ಕೆ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೊ 2005ರ ಪ್ರಕರಣ ಸಾಕ್ಷಿ.

2002ರಲ್ಲಿ ಬಂದ ವಿಷುಯಲ್ ಸ್ಟುಡಿಯೊ ಡಾಟ್‌ನೆಟ್ ಹಾಗೂ 2003ರ ಆವೃತ್ತಿಯಲ್ಲಿ ವೆಬ್ ಪ್ರಾಜೆಕ್ಟ್ ಎಂದರೆ ಒಂದು ಪಟ್ಟಿ. 'ಸಿಎಸ್‌ಪ್ರೋಜ್' ಎಂಬ ವಿಸ್ತರಣೆಯುಳ್ಳ ಎಕ್ಸ್ಎಂಎಲ್ ಕಡತದಲ್ಲಿ ಪ್ರತಿಯೊಂದು ಕಡತದ ಹೆಸರೂ ದಾಖಲಾಗಿರುತ್ತಿತ್ತು. ಪಟ್ಟಿಯಲ್ಲಿರುವ ಸಂಕೇತವೆಲ್ಲ ಸೇರಿ 'ಬಿನ್' ಫೋಲ್ಡರ್‌ನಲ್ಲಿ ಒಂದೇ ಡಿಎಲ್‌ಎಲ್ ಆಗುತ್ತಿತ್ತು. ಪಟ್ಟಿಯಲ್ಲಿ ಇಲ್ಲದ ಕಡತ ಫೋಲ್ಡರ್‌ನಲ್ಲಿ ಇದ್ದರೂ ಲೆಕ್ಕಕ್ಕಿಲ್ಲ. ಪಡಿತರ ಚೀಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅಕ್ಕಿ ಎಂದ ಹಾಗೆ.

ಇದರಿಂದ ಸ್ಪಷ್ಟತೆ ಬಂತು, ತಲೆನೋವೂ ಬಂತು. ತಂಡದಲ್ಲಿ ಯಾರು ಹೊಸ ಪುಟ ಸೇರಿಸಿದರೂ ಆ ಒಂದು ಪಟ್ಟಿಯನ್ನು ತಿದ್ದಬೇಕು. ವಿಷುಯಲ್ ಸೋರ್ಸ್‌ಸೇಫ್ ಬಳಸುವ ತಂಡಗಳಲ್ಲಿ ಒಬ್ಬ ಕಡತವನ್ನು ತಿದ್ದಲು ಪಡೆದರೆ ಅವನು ಹಿಂದಿರುಗಿಸುವವರೆಗೆ ಇತರರು ಕಾಯುವುದು ವಾಡಿಕೆ. ಪಟ್ಟಿಯನ್ನು ಹಿಡಿದುಕೊಂಡವನು ಊಟಕ್ಕೆ ಹೋದರೆ ತಂಡದ ಕೆಲಸ ನಿಂತಿತು ಎಂದೇ ಅರ್ಥ. ಜೊತೆಗೆ ಪ್ರತಿ ಪ್ರೋಗ್ರಾಮರ್‌ನ ಗಣಕದಲ್ಲಿ ಐಐಎಸ್ ಎಂಬ ಪೂರ್ಣಪ್ರಮಾಣದ ವೆಬ್ ಸರ್ವರ್ ಇರಬೇಕಿತ್ತು. ಪ್ರಾಜೆಕ್ಟ್ ಕಡತಗಳು ಐಐಎಸ್‌ನ ಫೋಲ್ಡರ್‌ನಲ್ಲಿ ಕುಳಿತರೆ ಅವನ್ನೆಲ್ಲ ಒಟ್ಟಿಗೆ ಹಿಡಿದಿಡುವ 'ಸೊಲ್ಯೂಶನ್' ಕಡತ ತಾನಾಗಿಯೇ 'ಮೈ ಡಾಕ್ಯುಮೆಂಟ್ಸ್'ನೊಳಗೆ ಹೋಗಿ ಕೂರುತ್ತಿತ್ತು. ಅಪ್ಪ ಒಂದೂರಲ್ಲಿ, ಮಕ್ಕಳು ಇನ್ನೊಂದೂರಲ್ಲಿ.

2005ರ ನವೆಂಬರ್‌ನಲ್ಲಿ ಬಿಡುಗಡೆಯಾದ ಹೊಸ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ವೆಬ್‌ನ ಮಟ್ಟಿಗೆ ಪಟ್ಟಿಯನ್ನೇ ಕಿತ್ತುಹಾಕಿತು. 'ವೆಬ್ ಸೈಟ್' ಎಂಬ ಹೊಸ ಮಾದರಿಯಲ್ಲಿ ಪ್ರಾಜೆಕ್ಟ್ ಕಡತವೇ ಇಲ್ಲ. ಫೋಲ್ಡರ್‌ನಲ್ಲಿ ಏನಿದೆಯೋ ಅದೇ ಪ್ರಾಜೆಕ್ಟ್. ಐಐಎಸ್ ಬೇಕಿಲ್ಲ, ಐಡಿಇಯೊಳಗೇ ಪುಟ್ಟದೊಂದು ಸರ್ವರ್ ಇದೆ. ಸಂಕೇತಕ್ಕೆ 'ಆಪ್_ಕೋಡ್', ದತ್ತಾಂಶಕ್ಕೆ 'ಆಪ್_ಡೇಟಾ', ವಿನ್ಯಾಸಕ್ಕೆ 'ಆಪ್_ಥೀಮ್ಸ್', ಭಾಷಾ ಪಠ್ಯಕ್ಕೆ 'ಆಪ್_ಗ್ಲೋಬಲ್‌ರಿಸೋರ್ಸಸ್' ಎಂದು ಹೆಸರಿಟ್ಟ ಕೋಣೆಗಳು. ಪುಟವನ್ನು ತಿದ್ದಿ ಉಳಿಸಿ ಬ್ರೌಸರ್‌ನಲ್ಲಿ ರಿಫ್ರೆಶ್ ಒತ್ತಿದರೆ ಅದು ಅಲ್ಲಿಯೇ ಕಂಪೈಲ್ ಆಗಿ ಕಾಣಿಸುತ್ತದೆ. ಸಣ್ಣ ಜಾಲತಾಣ ಕಟ್ಟುವವರಿಗೆ ಇದು ವರದಾನವೇ ಆಯಿತು.

ದೊಡ್ಡ ತಂಡಗಳಿಗೆ ಮಾತ್ರ ಇದು ನುಂಗಲಾರದ ತುತ್ತು. ನೂರಾರು ಪುಟಗಳ ಜಾಲತಾಣವನ್ನು ಪೂರ್ತಿ ಬಿಲ್ಡ್ ಮಾಡಲು ಹಿಡಿಯುವ ಹೊತ್ತು ಏರಿತು. ಮೊದಲಿದ್ದ ಒಂದು ಡಿಎಲ್‌ಎಲ್ ಜಾಗದಲ್ಲಿ 'ಆಪ್_ವೆಬ್_' ಎಂದು ಆರಂಭವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ಹಲವು ಡಿಎಲ್‌ಎಲ್‌ಗಳು ಹುಟ್ಟಿಕೊಂಡವು. ಆಪ್_ಕೋಡ್ ಮೊದಲು ಕಂಪೈಲ್ ಆಗುವುದರಿಂದ ಅದರೊಳಗಿನ ಸಂಕೇತಕ್ಕೆ ಪುಟಗಳ ಕ್ಲಾಸ್‌ಗಳು ಕಾಣಿಸುತ್ತಿರಲಿಲ್ಲ. 2003ರಲ್ಲಿ ಸರಾಗವಾಗಿ ನಡೆಯುತ್ತಿದ್ದ ಸಂಕೇತ ಈ ಕಾರಣಕ್ಕೇ ಮುಗ್ಗರಿಸಿತು. ಒಂದು ಕಡತವನ್ನು ತಾತ್ಕಾಲಿಕವಾಗಿ ಹೊರಗಿಡಬೇಕೆಂದರೆ ಐಡಿಇ ಅದರ ಹೆಸರಿನ ಕೊನೆಗೆ 'ಎಕ್ಸ್‌ಕ್ಲೂಡ್' ಎಂದು ಸೇರಿಸುತ್ತಿತ್ತು. ಪಟ್ಟಿ ಇಲ್ಲದ ಮೇಲೆ ಬೇರೆ ದಾರಿಯಾದರೂ ಏನಿತ್ತು?

ಹಳೆಯ ಪ್ರಾಜೆಕ್ಟ್‌ಗಳನ್ನು ಹೊಸ ಆವೃತ್ತಿಗೆ ತರಲು ಹೊರಟವರ ಆಕ್ಷೇಪ ಹೆಚ್ಚಿದಾಗ ಮೈಕ್ರೋಸಾಫ್ಟ್ ಹಟ ಹಿಡಿಯಲಿಲ್ಲ. ಎಎಸ್‌ಪಿ ಡಾಟ್‌ನೆಟ್‌ನ ಹೊಣೆ ಹೊತ್ತಿದ್ದ ಸ್ಕಾಟ್ ಗಥ್ರಿ ಅವರ ತಂಡ 'ವೆಬ್ ಅಪ್ಲಿಕೇಶನ್ ಪ್ರಾಜೆಕ್ಟ್' ಎಂಬ ಸೇರ್ಪಡೆಯನ್ನು 2006ರಲ್ಲಿ ಒದಗಿಸಿತು. ಪಟ್ಟಿ ಮರಳಿತು, ಒಂದೇ ಡಿಎಲ್‌ಎಲ್ ಮರಳಿತು, ಆದರೆ ಐಐಎಸ್‌ನ ಕಡ್ಡಾಯ ಮರಳಲಿಲ್ಲ. 2006ರ ಡಿಸೆಂಬರ್‌ನ ಮೊದಲ ಸರ್ವೀಸ್ ಪ್ಯಾಕ್‌ನಲ್ಲಿ ಅದು ಮೂಲ ಉತ್ಪನ್ನದ ಭಾಗವೇ ಆಯಿತು. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಆಜ್ಞೆಯೂ ಬಂತು. ನಂತರದ ಆವೃತ್ತಿಗಳಲ್ಲಿ ಅದು ಹೀಗೆ ಬದಲಿಸುವಾಗ ಆಪ್_ಕೋಡ್ ಫೋಲ್ಡರ್‌ಗೆ 'ಓಲ್ಡ್_ಆಪ್_ಕೋಡ್' ಎಂದು ಮರುನಾಮಕರಣ ಮಾಡುತ್ತಿತ್ತು. ಹಿಂದೆ ಸಂಭ್ರಮದಿಂದ ಕಟ್ಟಿದ ಕೋಣೆಗೆ 'ಹಳೆಯದು' ಎಂಬ ಫಲಕ ಬಿದ್ದದ್ದನ್ನು ನೆನೆದು ಆ ಕಾಲದ ತಂತ್ರಜ್ಞರು ಇಂದಿಗೂ ನಗುತ್ತಾರೆ.

ಕುತೂಹಲದ ಸಂಗತಿಯೆಂದರೆ, ಇದೇ 2005ರ ಕೊನೆಯ ಮೂರು ತಿಂಗಳಲ್ಲಿ ಇತರ ಕಡೆಗಳಲ್ಲೂ ಇದೇ ಪ್ರಶ್ನೆ ಇತ್ಯರ್ಥವಾಗುತ್ತಿತ್ತು. ಅಕ್ಟೋಬರ್‌ನಲ್ಲಿ ಬಂದ ಮೇವನ್ 2.0 ಜಾವಾ ಪ್ರಾಜೆಕ್ಟ್‌ಗಳಿಗೆ ಐಡಿಇಗೆ ಅಂಟಿಕೊಳ್ಳದ ಒಂದು ಪ್ರಮಾಣಿತ ವಿನ್ಯಾಸವನ್ನು ಗಟ್ಟಿಗೊಳಿಸಿತು. ಸಂಕೇತ 'ಎಸ್‌ಆರ್‌ಸಿ/ಮೇನ್/ಜಾವಾ'ದಲ್ಲಿ, ವೆಬ್ ಪುಟಗಳು 'ಎಸ್‌ಆರ್‌ಸಿ/ಮೇನ್/ವೆಬ್‌ಆಪ್'ನಲ್ಲಿ, ಪರೀಕ್ಷೆಗಳು 'ಎಸ್‌ಆರ್‌ಸಿ/ಟೆಸ್ಟ್/ಜಾವಾ'ದಲ್ಲಿ, ಯಂತ್ರ ಹುಟ್ಟಿಸುವುದೆಲ್ಲ 'ಟಾರ್ಗೆಟ್'ನಲ್ಲಿ. ಡಿಸೆಂಬರ್‌ನಲ್ಲಿ ರೂಬಿ ಆನ್ ರೈಲ್ಸ್‌ನ 1.0 ಆವೃತ್ತಿ ಬಂತು. ಮಾಡೆಲ್, ವ್ಯೂ, ಕಂಟ್ರೋಲರ್‌ಗಳಿಗೆ 'ಆಪ್' ಫೋಲ್ಡರ್‌ನೊಳಗೆ ನಿಗದಿತ ಜಾಗ, ಬ್ರೌಸರ್‌ಗೆ ಹೋಗುವುದಕ್ಕೆ 'ಪಬ್ಲಿಕ್', ಸಂರಚನೆಗೆ 'ಕಾನ್ಫಿಗ್'. ಅದೇ ಡಿಸೆಂಬರ್‌ನಲ್ಲಿ ಎಕ್ಲಿಪ್ಸ್‌ನ ವೆಬ್ ಟೂಲ್ಸ್ ಪ್ಲಾಟ್‌ಫಾರ್ಮ್ 1.0 ಕೂಡ ಹೊರಬಿತ್ತು. ಮೇವನ್ ಮತ್ತು ರೈಲ್ಸ್ ಎರಡರ ತತ್ವವೂ ಒಂದೇ. ಕಡತಗಳು ಎಲ್ಲಿವೆಯೆಂದು ಪ್ರತಿ ಸಲ ಬರೆದು ತಿಳಿಸಬೇಡಿ, ರೂಢಿಯ ಜಾಗದಲ್ಲಿಡಿ, ಉಳಿದದ್ದನ್ನು ನಾವು ಹುಡುಕಿಕೊಳ್ಳುತ್ತೇವೆ.

ಹಾಗೆ ನೋಡಿದರೆ ಕೊನೆಗೆ ಗೆದ್ದದ್ದು ಎರಡರ ಬೆರಕೆ. 2017ರ ಮಾರ್ಚ್‌ನಲ್ಲಿ ಬಂದ ವಿಷುಯಲ್ ಸ್ಟುಡಿಯೊದಲ್ಲಿ ಡಾಟ್‌ನೆಟ್ ಕೋರ್ ಪ್ರಾಜೆಕ್ಟ್‌ಗಳಿಗೆ ಸಿಎಸ್‌ಪ್ರೋಜ್ ಕಡತವಿದೆ, ಆದರೆ ಅದರಲ್ಲಿ ಕಡತಗಳ ಪಟ್ಟಿಯಿಲ್ಲ. ಫೋಲ್ಡರ್‌ನಲ್ಲಿರುವುದೆಲ್ಲ ತಾನಾಗಿ ಸೇರುತ್ತದೆ. ಯಾವ ಲೈಬ್ರರಿ ಬೇಕು, ಏನನ್ನು ಹೊರಗಿಡಬೇಕು ಎಂಬ ಅಪವಾದಗಳು ಮಾತ್ರ ಅಲ್ಲಿ ದಾಖಲಾಗುತ್ತವೆ. ಎರಡನೆಯ ಡೇಟಾಬೇಸ್ ಗುಪ್ತಪದದ ಗುಂಪು ಮತ್ತು ಬ್ರೌಸರ್‌ಗೆ ಹೋಗುವ ಗುಂಪು ಬೆರೆಯದಂತೆ 'ಡಬ್ಲ್ಯುಡಬ್ಲ್ಯುಡಬ್ಲ್ಯು‌ರೂಟ್' ಎಂಬ ಪ್ರತ್ಯೇಕ ಫೋಲ್ಡರ್ ಇದೆ. 2005ರ ಪ್ರಯೋಗ ಪೂರ್ತಿ ತಪ್ಪಾಗಿರಲಿಲ್ಲ, ಹನ್ನೆರಡು ವರ್ಷ ಮುಂಚಿತವಾಗಿ ಬಂದಿತ್ತು ಎನ್ನುವುದು ಈ ವರದಿಗಾರನ ಅನಿಸಿಕೆ.

ಒಂದು ಪ್ರಾಜೆಕ್ಟ್ ಸಾಕೆ?

ಅಪ್ಲಿಕೇಶನ್ ಬೆಳೆದಂತೆ ಎಲ್ಲವನ್ನೂ ವೆಬ್ ಪ್ರಾಜೆಕ್ಟ್ ಒಂದರಲ್ಲೇ ತುರುಕುವುದು ಕಷ್ಟವಾಗುತ್ತದೆ. ವಾಡಿಕೆಯ ಪರಿಹಾರವೆಂದರೆ ಒಂದು ಸೊಲ್ಯೂಶನ್‌ನೊಳಗೆ ಹಲವು ಪ್ರಾಜೆಕ್ಟ್‌ಗಳು. ಪುಟಗಳಿಗೆ ಒಂದು, ವ್ಯವಹಾರದ ನಿಯಮಗಳಿಗೆ ಒಂದು, ಡೇಟಾಬೇಸ್ ಜೊತೆಗಿನ ಮಾತುಕತೆಗೆ ಒಂದು, ಪರೀಕ್ಷೆಗಳಿಗೆ ಮತ್ತೊಂದು. ತೆರಿಗೆ ಲೆಕ್ಕ ಹಾಕುವ ಸಂಕೇತ ರಸೀದಿ ಪುಟದ ಹೊಟ್ಟೆಯೊಳಗೆ ಇದ್ದರೆ ಅದನ್ನು ಬೇರೆಡೆ ಬಳಸಲಾಗದು, ಪುಟ ತೆರೆಯದೆ ಪರೀಕ್ಷಿಸಲೂ ಆಗದು.

ಇಲ್ಲಿ ಎಡವುವುದು ಸಾಮಾನ್ಯವಾಗಿ ರೆಫರೆನ್ಸ್ ಕೊಡುವಾಗ. ಒಂದು ಪ್ರಾಜೆಕ್ಟ್ ಇನ್ನೊಂದನ್ನು ಬಳಸಬೇಕಾದಾಗ ಆ ಪ್ರಾಜೆಕ್ಟ್ ಅನ್ನೇ ತೋರಿಸಬಹುದು, ಇಲ್ಲವೇ ಅದರಿಂದ ಹುಟ್ಟಿದ ಡಿಎಲ್‌ಎಲ್ ಅನ್ನು ತೋರಿಸಬಹುದು. ಮೊದಲನೆಯದರಲ್ಲಿ ಯಾವುದನ್ನು ಮೊದಲು ಬಿಲ್ಡ್ ಮಾಡಬೇಕೆಂಬುದು ಐಡಿಇಗೆ ತಿಳಿದಿರುತ್ತದೆ. ಎರಡನೆಯದರಲ್ಲಿ ಯಾವಾಗಲೋ ಹುಟ್ಟಿದ ಹಳೆಯ ಡಿಎಲ್‌ಎಲ್ ಹಾಗೆಯೇ ಅಂಟಿಕೊಂಡು ಕೂರುತ್ತದೆ. ತಿದ್ದಿದ ದೋಷ ಮತ್ತೆ ಮತ್ತೆ ಕಾಣಿಸಿಕೊಂಡು ಪ್ರೋಗ್ರಾಮರ್ ತನ್ನ ಕಣ್ಣನ್ನೇ ಶಂಕಿಸುವಂತಾಗುತ್ತದೆ. ಒಂದೇ ಸೊಲ್ಯೂಶನ್‌ನಲ್ಲಿ ಇರುವವರೆಗೂ ಪ್ರಾಜೆಕ್ಟ್ ರೆಫರೆನ್ಸ್ ಬಳಸುವುದೇ ಕ್ಷೇಮ.

ಹಾಗೆಂದು ಹತ್ತು ಪುಟಗಳ ಜಾಲತಾಣಕ್ಕೆ ಹದಿನೈದು ಪ್ರಾಜೆಕ್ಟ್ ಮಾಡುವವರೂ ಇದ್ದಾರೆ. ಅದು ಒಬ್ಬನೇ ವಾಸಿಸುವ ಮನೆಗೆ ಏಳು ಅಡುಗೆಮನೆ ಕಟ್ಟಿಸಿದಂತೆ.

'ನನ್ನ ಗಣಕದಲ್ಲಿ ಸರಿಯಾಗಿದೆ'

ಅಭಿವೃದ್ಧಿ ಪರಿಸರದ ಸರ್ವರ್ ಬೇರೆ, ಲೋಕಕ್ಕೆ ತೆರೆದ ಸರ್ವರ್ ಬೇರೆ. ವಿಷುಯಲ್ ಸ್ಟುಡಿಯೊ 2005ರ ಒಳ ಸರ್ವರ್ ಜಾಲತಾಣವನ್ನು ಪ್ರಾಜೆಕ್ಟ್‌ನ ಹೆಸರಿನ ಉಪವಿಳಾಸದಲ್ಲಿ ನಡೆಸುತ್ತಿತ್ತು. ನಿಜವಾದ ಸರ್ವರ್‌ನಲ್ಲಿ ಅದೇ ಜಾಲತಾಣ ಡೊಮೇನ್‌ನ ಬುಡದಲ್ಲಿರುತ್ತದೆ. ಓರೆಗೆರೆಯಿಂದ ಆರಂಭವಾಗುವ ಚಿತ್ರದ ವಿಳಾಸ ಒಂದು ಕಡೆ ಸರಿಯಿದ್ದರೆ ಇನ್ನೊಂದು ಕಡೆ ಒಡೆದ ಚೌಕ ತೋರಿಸುತ್ತಿತ್ತು. ಒಳ ಸರ್ವರ್ ಪ್ರೋಗ್ರಾಮರ್‌ನ ಹೆಸರಿನಲ್ಲೇ ನಡೆಯುವುದರಿಂದ ಅವನಿಗಿರುವ ಅನುಮತಿಗಳೆಲ್ಲ ಅದಕ್ಕೂ ಇರುತ್ತಿದ್ದವು. ಐಐಎಸ್ 6ರಲ್ಲಿ ಸಂಕೇತ ಸಾಮಾನ್ಯವಾಗಿ 'ನೆಟ್‌ವರ್ಕ್ ಸರ್ವೀಸ್' ಎಂಬ ಕಡಿಮೆ ಅಧಿಕಾರದ ಖಾತೆಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕಡತ ಬರೆಯುತ್ತಿದ್ದ ಪುಟ ಅಲ್ಲಿಗೆ ಹೋದೊಡನೆ 'ಅನುಮತಿಯಿಲ್ಲ' ಎಂದು ನಿಲ್ಲುತ್ತಿತ್ತು. ವಿಂಡೋಸ್‌ನಲ್ಲಿ ಬರೆದು ಲಿನಕ್ಸ್‌ಗೆ ಒಯ್ಯುವವರಿಗೆ ದೊಡ್ಡ ಹಾಗೂ ಸಣ್ಣ ಇಂಗ್ಲಿಷ್ ಅಕ್ಷರಗಳ ಪೇಚು. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ ಕಡತ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲೇ ಇಡುವ ಪದ್ಧತಿ ಹಾಕಿಕೊಂಡರೆ ಈ ಕಾಟ ಮುಗಿಯುತ್ತದೆ.

ಹೆಚ್ಚು ಅಪಾಯಕಾರಿಯಾದದ್ದು ಸಂರಚನಾ ಕಡತ. ಅಭಿವೃದ್ಧಿಗೆ ಒಂದು ಡೇಟಾಬೇಸ್, ಪರೀಕ್ಷೆಗೆ ಒಂದು, ನಿಜ ಬಳಕೆಗೆ ಒಂದು ಎಂಬುದು ರೈಲ್ಸ್‌ನಲ್ಲಿ ಆರಂಭದಿಂದಲೂ ಇದ್ದ ವ್ಯವಸ್ಥೆ. ವಿಷುಯಲ್ ಸ್ಟುಡಿಯೊ 2010ರಲ್ಲಿ ವೆಬ್ ಡಾಟ್ ಕಾನ್ಫಿಗ್ ಕಡತವನ್ನು ಪ್ರಕಟಿಸುವ ಹೊತ್ತಿಗೆ ತಾನಾಗಿ ಮಾರ್ಪಡಿಸುವ ಸೌಲಭ್ಯ ಬಂತು. ಅದಕ್ಕೂ ಮೊದಲು ಕೈಯಾರೆ ಬದಲಿಸಬೇಕಿತ್ತು. ಪ್ರಯೋಗಕ್ಕೆಂದು ಬರೆದ ಅಳಿಸುವ ಆಜ್ಞೆ ನಿಜವಾದ ಗ್ರಾಹಕರ ಡೇಟಾಬೇಸ್‌ಗೆ ಹೋಗಲು ಒಂದು ಸಾಲು ಮರೆತರೆ ಸಾಕಿತ್ತು.

ಗುಪ್ತಪದಗಳ ವಿಷಯದಲ್ಲಿ ಎಎಸ್‌ಪಿ ಡಾಟ್‌ನೆಟ್ ಮತ್ತು ಜಾವಾ ಸ್ವಲ್ಪ ರಕ್ಷಣೆ ಕೊಡುತ್ತವೆ. ವೆಬ್ ಡಾಟ್ ಕಾನ್ಫಿಗ್ ಅನ್ನೋ ಸಿಎಸ್ ಕಡತವನ್ನೋ ಬ್ರೌಸರ್ ಕೇಳಿದರೆ ಎಎಸ್‌ಪಿ ಡಾಟ್‌ನೆಟ್ ಕೊಡುವುದಿಲ್ಲ. ಪಿಎಚ್‌ಪಿಯಲ್ಲಿ ಅಂಥ ಭದ್ರತೆ ಪ್ರೋಗ್ರಾಮರ್‌ನ ಜವಾಬ್ದಾರಿ. 'ಕಾನ್ಫಿಗ್ ಡಾಟ್ ಪಿಎಚ್‌ಪಿ' ಕಡತವನ್ನು ತಿದ್ದುವ ಮೊದಲು ಅದರ ಹೆಸರಿನ ಕೊನೆಗೆ 'ಬ್ಯಾಕ್' ಎಂದು ಸೇರಿಸಿ ನಕಲೊಂದನ್ನು ಅಲ್ಲೇ ಇಟ್ಟರೆ, ಸರ್ವರ್ ಆ ನಕಲನ್ನು ಸಂಕೇತವೆಂದು ಗುರುತಿಸದೆ ಸಾದಾ ಪಠ್ಯದಂತೆ ಕೇಳಿದವರಿಗೆಲ್ಲ ಬಡಿಸುವ ಅಪಾಯವಿದೆ. ಲಾರಾವೆಲ್‌ನಂತಹ ಚೌಕಟ್ಟುಗಳು 'ಪಬ್ಲಿಕ್' ಫೋಲ್ಡರ್ ಅನ್ನು ಮಾತ್ರ ಲೋಕಕ್ಕೆ ತೆರೆದು ಉಳಿದೆಲ್ಲವನ್ನೂ ಅದರ ಹೊರಗೆ ಇಡುವುದು ಈ ಕಾರಣಕ್ಕೇ. ಆದರೂ ಆತುರದಲ್ಲಿ ಇಡೀ ಪ್ರಾಜೆಕ್ಟ್ ಫೋಲ್ಡರ್ ಅನ್ನೇ ಸರ್ವರ್‌ನ ಬುಡಕ್ಕೆ ಸುರಿಯುವವರು ಇದ್ದಾರೆ. ಆಗ 'ಇಎನ್‌ವಿ' ಕಡತವೂ 'ಗಿಟ್' ಫೋಲ್ಡರ್‌ನಲ್ಲಿರುವ ಪ್ರಾಜೆಕ್ಟ್‌ನ ಸಮಸ್ತ ಇತಿಹಾಸವೂ ಬೀದಿಗೆ ಬೀಳುತ್ತವೆ.

ಹೆರೋಕು ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ 'ಟ್ವೆಲ್ವ್-ಫ್ಯಾಕ್ಟರ್ ಆಪ್' ಸೂತ್ರಗಳಲ್ಲಿ ಗುಪ್ತ ವಿವರಗಳನ್ನು ಪ್ರಾಜೆಕ್ಟ್‌ನಲ್ಲಿ ಇಡಲೇಬೇಡಿ, ಸರ್ವರ್‌ನ ಪರಿಸರದಿಂದ ಓದಿಕೊಳ್ಳಿ ಎಂಬ ಸಲಹೆಯಿದೆ. ಒಮ್ಮೆ ಆಕರ ಭಂಡಾರಕ್ಕೆ ಸೇರಿದ ಗುಪ್ತಪದವನ್ನು ಮರುದಿನ ಅಳಿಸಿದರೂ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಕಡತ ಅಳಿಸುವುದಲ್ಲ, ಗುಪ್ತಪದ ಬದಲಿಸುವುದು.

ಕನ್ನಡ ಪಠ್ಯ ಎಲ್ಲಿರಬೇಕು?

ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಣಿಸಿಕೊಳ್ಳುವ ಜಾಲತಾಣ ಕಟ್ಟುವವರಿಗೆ ಇನ್ನೊಂದು ಪ್ರಶ್ನೆಯಿದೆ. 'ಸ್ವಾಗತ', 'ಹುಡುಕು', 'ಮುಂದೆ' ಮುಂತಾದ ಪದಗಳನ್ನು ಪುಟಗಳಲ್ಲೇ ನೇರ ಬರೆದರೆ ಪ್ರತಿ ಪುಟಕ್ಕೂ ಎರಡೆರಡು ಪ್ರತಿ ಬೇಕಾಗುತ್ತದೆ. ಅವನ್ನು ರಿಸೋರ್ಸ್ ಕಡತಗಳಲ್ಲಿ ಒಟ್ಟು ಮಾಡಿ, ಕನ್ನಡದ ಕಡತದ ಹೆಸರಿನಲ್ಲಿ 'ಕೆಎನ್-ಐಎನ್' ಎಂಬ ಭಾಷಾಸೂಚಕ ಸೇರಿಸಿದರೆ ಬಳಕೆದಾರನ ಭಾಷೆಗೆ ತಕ್ಕದ್ದನ್ನು ಡಾಟ್‌ನೆಟ್ ಆರಿಸಿಕೊಳ್ಳುತ್ತದೆ.

ಜಾವಾದಲ್ಲಿ ಇದು ಬಹುಕಾಲ ಯಾತನೆಯಾಗಿತ್ತು. ಅದರ 'ಪ್ರಾಪರ್ಟೀಸ್' ಕಡತಗಳನ್ನು ಲ್ಯಾಟಿನ್-1 ಎಂಬ ಪಶ್ಚಿಮ ಯುರೋಪಿನ ಸಂಕೇತವಿನ್ಯಾಸದಲ್ಲಿ ಓದಲಾಗುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. 'ಕ' ಎಂಬ ಒಂದು ಅಕ್ಷರಕ್ಕೆ ಓರೆಗೆರೆ, ಯು, ಬಳಿಕ 0ಸಿ95 ಎಂದು ಆರು ಚಿಹ್ನೆಗಳನ್ನು ಬರೆಯಬೇಕಿತ್ತು. 'ನೇಟಿವ್‌2ಆಸ್ಕಿ' ಎಂಬ ಉಪಕರಣ ಈ ಪರಿವರ್ತನೆಯನ್ನು ಮಾಡಿಕೊಡುತ್ತಿತ್ತು. ಹೀಗಾಗಿ ಕನ್ನಡ ಓದಬಲ್ಲ ಮೂಲ ಕಡತ ಒಂದು, ಯಂತ್ರ ಓದುವ ಕಡತ ಇನ್ನೊಂದು. ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ತಪ್ಪಾದದ್ದನ್ನು ತಿದ್ದಿದರೆ ಮುಂದಿನ ಬಿಲ್ಡ್‌ನಲ್ಲಿ ಆ ತಿದ್ದುಪಡಿ ಮಾಯ. ಮೂಲವನ್ನು ಸೋರ್ಸ್ ಕೋಡ್ ಜೊತೆಗೂ ಪರಿವರ್ತಿತವನ್ನು ಯಂತ್ರ ಹುಟ್ಟಿಸಿದ ಕಡತಗಳ ಜೊತೆಗೂ ಬೇರೆಯಾಗಿ ಇಟ್ಟವರು ಬಚಾವಾದರು. 2017ರ ಜಾವಾ 9ರಲ್ಲಿ ರಿಸೋರ್ಸ್ ಕಡತಗಳು ಯುಟಿಎಫ್-8ರಲ್ಲೇ ಇರಬಹುದೆಂದಾಗ ಈ ಎರಡು ಕಡತಗಳ ಪಾಡು ತಪ್ಪಿತು.

ಭಂಡಾರಕ್ಕೆ ಹೋಗಬೇಕಾದದ್ದು

ಇಷ್ಟೆಲ್ಲ ಜೋಡಿಸಿದ ಮೇಲೆ ಅದು ಒಬ್ಬನ ಗಣಕದಲ್ಲೇ ಉಳಿದರೆ ಪ್ರಯೋಜನವಿಲ್ಲ. ಹಿಂದೆ ಸಬ್‌ವರ್ಶನ್, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಬಳಿಕ ಕ್ರಮೇಣ ಗಿಟ್, ಇವು ತಂಡದ ಸಂಕೇತವನ್ನು ಅದರ ಇತಿಹಾಸದೊಂದಿಗೆ ಕಾಯ್ದಿಡುವ ಭಂಡಾರಗಳು. ಮನುಷ್ಯ ಬರೆದದ್ದು ಭಂಡಾರಕ್ಕೆ ಹೋಗಬೇಕು, ಯಂತ್ರ ಹುಟ್ಟಿಸಿದ್ದು ಹೋಗಬಾರದು. 'ಬಿನ್', 'ಆಬ್ಜ್', 'ಟಾರ್ಗೆಟ್' ಫೋಲ್ಡರ್‌ಗಳು, ಕಿಟಕಿಗಳು ಎಲ್ಲೆಲ್ಲಿ ತೆರೆದಿದ್ದವು ಎಂದು ಐಡಿಇ ನೆನಪಿಟ್ಟುಕೊಳ್ಳುವ ಕಡತಗಳು ಹೊರಗೇ ಇರಲಿ.

ಇತರರು ಬರೆದ ಲೈಬ್ರರಿಗಳ ವಿಷಯ ಇಷ್ಟು ಸರಳವಲ್ಲ. ಮೊದಲು ಅವನ್ನು 'ಲಿಬ್' ಫೋಲ್ಡರ್‌ಗೆ ನಕಲು ಮಾಡಿ ಭಂಡಾರದಲ್ಲೇ ಇಡುವುದು ರೂಢಿಯಾಗಿತ್ತು. ಮೇವನ್, ಎನ್‌ಪಿಎಂ, ನುಗೆಟ್ ಬಂದ ಮೇಲೆ ಹೆಸರು ಮತ್ತು ಆವೃತ್ತಿಯನ್ನಷ್ಟೇ ಬರೆದಿಟ್ಟರೆ ಸಾಕು, ಬೇಕಾದಾಗ ಜಾಲದಿಂದ ಇಳಿಸಿಕೊಳ್ಳಬಹುದು ಎಂದಾಯಿತು. 2016ರ ಮಾರ್ಚ್‌ನಲ್ಲಿ 'ಲೆಫ್ಟ್-ಪ್ಯಾಡ್' ಎಂಬ ಹನ್ನೊಂದು ಸಾಲಿನ ಲೈಬ್ರರಿಯನ್ನು ಅದರ ಕರ್ತೃ ಎನ್‌ಪಿಎಂನಿಂದ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿತ್ತು. ಲೈಬ್ರರಿಗಳ ನಿಖರ ಆವೃತ್ತಿಯನ್ನು ದಾಖಲಿಸುವ 'ಲಾಕ್' ಕಡತ 2017ರಿಂದ ಎನ್‌ಪಿಎಂನಲ್ಲೂ ತಾನಾಗಿ ಹುಟ್ಟುತ್ತದೆ. ಹುಟ್ಟಿಸುವುದು ಯಂತ್ರವೇ ಆದರೂ ಭಂಡಾರಕ್ಕೆ ಹೋಗಲೇಬೇಕಾದ ಕಡತವಿದು. ಮೇಲಿನ ಸೂತ್ರಕ್ಕೆ ಇದೊಂದು ಅಪವಾದ.

ಡೇಟಾಬೇಸ್‌ನ ರಚನೆಯನ್ನೂ ಕಡತವಾಗಿ ಭಂಡಾರದಲ್ಲಿಡಬೇಕೆಂಬುದನ್ನು ಜನಪ್ರಿಯಗೊಳಿಸಿದ್ದು ರೈಲ್ಸ್‌ನ 'ಮೈಗ್ರೇಶನ್' ಪದ್ಧತಿ. ಆರಂಭದಲ್ಲಿ ಆ ಕಡತಗಳಿಗೆ 001, 002 ಎಂದು ಕ್ರಮಸಂಖ್ಯೆ ಇರುತ್ತಿತ್ತು. ಇಬ್ಬರು ಪ್ರೋಗ್ರಾಮರ್‌ಗಳು ಒಂದೇ ದಿನ ತಮ್ಮ ತಮ್ಮ 015 ಬರೆದರೆ ಜಗಳ ಖಚಿತ. 2008ರ 2.1 ಆವೃತ್ತಿಯಲ್ಲಿ ಕ್ರಮಸಂಖ್ಯೆಯ ಬದಲು ದಿನಾಂಕ ಮತ್ತು ಸಮಯವನ್ನೇ ಹೆಸರಾಗಿಸಿ ಈ ಘರ್ಷಣೆಯನ್ನು ನಿವಾರಿಸಲಾಯಿತು.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಖಾಲಿ ಗಣಕವೊಂದು ಸಾಕು. ಭಂಡಾರದಿಂದ ಪ್ರಾಜೆಕ್ಟ್ ಇಳಿಸಿ, ಯಾರನ್ನೂ ಕೇಳದೆ, ಬರೆದಿಟ್ಟ ಸೂಚನೆಗಳನ್ನಷ್ಟೇ ಅನುಸರಿಸಿ ಜಾಲತಾಣವನ್ನು ನಡೆಸಲು ಸಾಧ್ಯವಾಗಬೇಕು. ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸವನ್ನು ಪ್ರತಿ ತಿದ್ದುಪಡಿಯ ನಂತರ ಬಿಲ್ಡ್ ಸರ್ವರ್ ತಾನಾಗಿ ಮಾಡುತ್ತದೆ. ಆರಂಭದಲ್ಲಿ ಹೇಳಿದ ಸಣ್ಣ ಸಂಸ್ಥೆಯಲ್ಲಿ ಅಂಥ ಸರ್ವರ್ ಇಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕೊಡುವ ಕೆಲಸವೇ ಇದು. ಎಲ್ಲಿ ತಡೆಯುಂಟಾಯಿತು ಎಂಬುದನ್ನು ಅವರು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಕಳೆದ ಬಾರಿ ಬಂದವರ ಹಾಳೆಯಲ್ಲಿ ಎರಡೇ ಸಾಲುಗಳಿದ್ದವಂತೆ. ಅವುಗಳಲ್ಲಿ ಒಂದು, ಇನ್ನೂ ಒಬ್ಬರ 'ಡಿ' ಡ್ರೈವ್ ತೋರಿಸುತ್ತಿದ್ದ ವಿಳಾಸ.